ಬೆಸುಗೆಯ ಕೆಳಗಿನ ಅಕ್ಷರ

ನಮ್ಮ ಮನೆಯಲ್ಲಿ ನಾಲ್ಕು ಡ್ರಾಯಿಂಗ್ ಹಾಳೆಗಳನ್ನು ಮೈದಾ ಅಂಟಿನಿಂದ ಜೋಡಿಸಿ ಮಾಡಿದ ಒಂದು ದೊಡ್ಡ ಹಾಳೆ ಇದೆ. ಹಗಲು ಸುರುಳಿ ಸುತ್ತಿ ಬೀರುವಿನ ಮೇಲಿಡುತ್ತೇನೆ. ರಾತ್ರಿ ಊಟವಾದ ಮೇಲೆ ಪಡಸಾಲೆಯ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ಹಳೆಯ ತಕ್ಕಡಿಯ ಬಟ್ಟುಗಳನ್ನು ಇಟ್ಟು ಅದರ ಮುಂದೆ ಕೂರುತ್ತೇನೆ. ನಮ್ಮ ಮನೆತನದ ಗಂಡಸರು ಅದರಲ್ಲಿ ಏಳು ತಲೆಮಾರಿನವರೆಗೆ ಸಾಲಾಗಿ ನಿಂತಿದ್ದಾರೆ. ದಾಯಾದಿಗಳು, ದತ್ತು ಹೋದವರು, ಊರು ಬಿಟ್ಟವರು, ಎಲ್ಲರಿಗೂ ಒಂದೊಂದು ಚೌಕ, ಚೌಕದೊಳಗೆ ಹೆಸರು. ಹೆಂಗಸರ ಚೌಕಗಳಲ್ಲಿ ಅರ್ಧಕ್ಕರ್ಧ ಖಾಲಿ. ಆ ಖಾಲಿ ಚೌಕಗಳಲ್ಲಿ ಒಂದು ಮಾತ್ರ ನನಗೆ ನಿದ್ದೆ ಕೊಡುವುದಿಲ್ಲ. ಅದು ನಮ್ಮ ತಂದೆಯ ತಾಯಿಯ ತಾಯಿಯದು. ಅಜ್ಜಿ ಆಕೆಯನ್ನು ‘ನಮ್ಮವ್ವ’ ಎನ್ನುತ್ತಿದ್ದಳು. ಬೇರೆ ಹೆಸರು ನಾನು ಕೇಳಲಿಲ್ಲ. ಅಜ್ಜಿ 1979ರಲ್ಲಿ ತೀರಿಕೊಂಡಾಗ ನನಗೆ ಹದಿನೆಂಟು ವರ್ಷ. ಎಷ್ಟೋ ಬೇಸಿಗೆಗಳನ್ನು ಅವಳ ಪಕ್ಕದಲ್ಲಿ ಮಲಗಿ ಕಳೆದಿದ್ದೇನೆ, ಕಥೆ ಹೇಳು ಎಂದು ಪೀಡಿಸಿದ್ದೇನೆ. ನಿನ್ನ ಅವ್ವನ ಹೆಸರೇನು ಎಂದು ಒಮ್ಮೆಯೂ ಕೇಳಲಿಲ್ಲ.

ದಾವಣಗೆರೆಯಲ್ಲಿ ಅಂಚೆ ವಿಂಗಡಣೆಯ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಕಳೆದು ನಿವೃತ್ತಳಾದವಳು ನಾನು. ಈಗ ದಿನಗಳೆಲ್ಲ ಈ ಹಾಳೆಗೇ ಸೇರಿವೆ. ಬುಧವಾರ ಜನರಿಗೆ ಅರ್ಜಿ ತುಂಬಿಕೊಡುತ್ತೇನೆ, ಸಂಜೆ ಕೌದಿ ಹೊಲಿಯುತ್ತೇನೆ, ಉಳಿದ ಹೊತ್ತೆಲ್ಲ ಊರೂರು ತಿರುಗಿ ಹೆಸರು ಹುಡುಕುತ್ತೇನೆ. ಕಳೆದ ವಾರ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡು ನನ್ನನ್ನು ಎಲ್ಲಿಗೋ ಕರೆದೊಯ್ದವು. ಅದನ್ನು ಮರೆಯುವ ಮೊದಲು ಬರೆದಿಡಬೇಕು ಅನಿಸಿತು.

ಹೆಸರು ನೋಡಿ ಊರು

ವಿಂಗಡಣೆಯ ಮೇಜು ನನಗೆ ಕಲಿಸಿದ ವಿದ್ಯೆ ಒಂದೇ: ಅರ್ಧ ಅಳಿಸಿದ ವಿಳಾಸವನ್ನು ಓದುವುದು. 1972ರಲ್ಲಿ ಪಿನ್‌ಕೋಡ್ ಬಂದಿದ್ದರೂ ನಾನು ಕೆಲಸಕ್ಕೆ ಸೇರಿದಾಗ ಹಳ್ಳಿಯ ಕಾಗದಗಳಲ್ಲಿ ಆರು ಅಂಕಿ ಬರೆದವರು ಅಪರೂಪ. 577 ಎಂದು ಶುರುವಾದರೆ ದಾವಣಗೆರೆಯೂ ಆಗಬಹುದು, ದುರ್ಗವೂ ಆಗಬಹುದು, ಶಿವಮೊಗ್ಗವೂ ಆಗಬಹುದು. ಊರಿನ ಹೆಸರು ಮಳೆಗೆ ಕಲೆಸಿಹೋಗಿದ್ದರೆ ನಾವು ಮನುಷ್ಯನ ಹೆಸರನ್ನು ನೋಡುತ್ತಿದ್ದೆವು. ತಿಪ್ಪೇಸ್ವಾಮಿ, ತಿಪ್ಪಮ್ಮ ಎಂದಿದ್ದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವವರು, ಹಾಗಾಗಿ ಚಳ್ಳಕೆರೆ, ಚಿತ್ರದುರ್ಗದ ಕಟ್ಟಿಗೆ ಹಾಕು. ಕೊಟ್ರೇಶ, ಕೊಟ್ರಮ್ಮ ಎಂದರೆ ಕೊಟ್ಟೂರಿನ ಕಡೆ. ಕರಿಬಸಪ್ಪ ಎಂದರೆ ಉಕ್ಕಡಗಾತ್ರಿಯ ಅಜ್ಜಯ್ಯನ ಒಕ್ಕಲು, ಹರಿಹರದ ಸುತ್ತ ನೋಡು. ಉಚ್ಚೆಂಗೆಮ್ಮ ಎಂದರೆ ಉಚ್ಚಂಗಿದುರ್ಗದ ಗುಡ್ಡ ಕಾಣುವಷ್ಟು ದೂರದಲ್ಲಿ ಎಲ್ಲೋ. ಹತ್ತರಲ್ಲಿ ಏಳೆಂಟು ಕಾಗದಗಳು ಹಾಗೆಯೇ ಮನೆ ಸೇರುತ್ತಿದ್ದವು. ಮಗುವಿಗೆ ಹೆಸರಿಡುವಾಗ ನಮ್ಮ ಹಿರಿಯರು ದೇವರನ್ನು ನೆನೆದರು, ಜೊತೆಗೆ ದಾರಿಯನ್ನೂ ಬರೆದಿಟ್ಟರು.

ವಂಶಾವಳಿ ಹುಡುಕುವವರಿಗೆ ಇದು ಬಹಳ ಸಹಾಯ. ನಮ್ಮ ಹಾಳೆಯ ತುದಿಯಲ್ಲಿರುವ ಪುರುಷನ ಹೆಸರಿನಲ್ಲಿ ಉಚ್ಚೆಂಗಿ ಇದೆ. ಆದರೆ ಆತ ನೆಲೆಸಿದ್ದು ಹೊಳಲ್ಕೆರೆ ರಸ್ತೆಯ ನಮ್ಮ ಊರಿನಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 78ರ ನಡುವೆ ಬಂದವನು ಎಂದು ಮನೆಯಲ್ಲಿ ಹೇಳುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ 50.55 ಲಕ್ಷ ಇದ್ದ ಜನ 1881ರಲ್ಲಿ 41.86 ಲಕ್ಷಕ್ಕೆ ಇಳಿದಿದ್ದರು. ಆ ಅಂಕಿಯನ್ನು ಮೊದಲ ಸಲ ಓದಿದ ದಿನ ನಾನು ಹಾಳೆಯ ಮುಂದೆ ಬಹಳ ಹೊತ್ತು ಕುಳಿತಿದ್ದೆ. ನಮ್ಮ ಕಡೆಯ ಅದೆಷ್ಟೋ ಮನೆತನಗಳ ನೆನಪು ಆ ಬರದ ಆಚೆಗೆ ದಾಟುವುದಿಲ್ಲ. ದಾಟಿ ಹೇಳಬೇಕಾದವರೇ ದಾರಿಯಲ್ಲಿ ಬಿದ್ದುಹೋಗಿದ್ದರು.

ಬಿನ್ ಮತ್ತು ಕೋಂ

ಗಂಡಸರ ಸಾಲು ಏಳು ತಲೆಮಾರು ತುಂಬಲು ಮುಖ್ಯ ಕಾರಣ ಹೆಳವರು. 1970ರ ಸುಮಾರಿಗೆ ಊರಿನಲ್ಲಿ ನಾನು ಕಂಡ ಹೆಳವ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದ್ದಾನೆ. ಕೊರಳಗಂಟೆ ಕಟ್ಟಿದ ಎತ್ತಿನ ಮೇಲೆ ಕುಳಿತೇ ಬಂದ. ಜಗಲಿಯ ಮೇಲೆ ಕಂಬಳಿ ಹಾಸಿದ ಮೇಲೆ ಇಳಿದು, ಕೆಂಪು ಬಟ್ಟೆಯ ಗಂಟು ಬಿಚ್ಚಿ, ಹೊತ್ತಗೆ ತೆರೆದು ನಮ್ಮ ಮನೆತನವನ್ನು ಹಾಡಿನಂತೆ ಒಪ್ಪಿಸತೊಡಗಿದ. ಅಜ್ಜ, ದೊಡ್ಡಪ್ಪಂದಿರು ಸುತ್ತ ಕುಳಿತು ತಲೆದೂಗುತ್ತಿದ್ದರು. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರನ್ನು ಕೇಳಿ ಬರೆದುಕೊಂಡ. ಅಜ್ಜಿ ಬಾಗಿಲ ಹಿಂದೆ ಮೊರದ ತುಂಬ ಜೋಳ ಹಿಡಿದು ನಿಂತಿದ್ದಳು. ನಾನು ಅವಳ ಸೆರಗು ಹಿಡಿದುಕೊಂಡಿದ್ದೆ. ಎಲ್ಲ ಮುಗಿದ ಮೇಲೆ ಅವಳು ಹೊಸ್ತಿಲಿಗೆ ಬಂದು ಕೇಳಿದಳು: “ಹೆಳವಪ್ಪಾ, ನಮ್ಮವ್ವನ ಹೆಸರು ಎಲ್ಲಿಯಾದರೂ ಬರುತ್ತದೆಯೇ?”

ಅವನು ಸಮಾಧಾನವಾಗಿಯೇ ಉತ್ತರಿಸಿದ. “ನಿನ್ನ ತವರಿನ ಹೊತ್ತಗೆ ಬೇರೆ ಹೆಳವರದು ತಾಯಿ. ಅದರಲ್ಲೂ ಗಂಡುಮಕ್ಕಳದೇ ಲೆಕ್ಕ.”

ಅಜ್ಜಿ ಮತ್ತೇನೂ ಹೇಳಲಿಲ್ಲ. ಮೊರದ ಜೋಳವನ್ನು ಅವನ ಚೀಲಕ್ಕೆ ಸುರಿದಳು. ಒಳಗೆ ಹೋಗಿ ಇನ್ನೊಂದು ಬೊಗಸೆ ತಂದು ಅದರ ಮೇಲೆ ಹಾಕಿದಳು. ಈ ದೃಶ್ಯವನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ತಾಯಿ ಸತ್ತಾಗ ಅಜ್ಜಿಗೆ ಹತ್ತೋ ಹನ್ನೊಂದೋ. ‘ಕಾಳಯುಕ್ತಿಯ ಜ್ವರ’ ಎನ್ನುತ್ತಿದ್ದಳು, ಅಂದರೆ 1918ರ ಇನ್‌ಫ್ಲುಯೆಂಜಾ. ಮನೆಯಲ್ಲಿ ಸೊಸೆಯನ್ನು ಹೆಸರು ಹಿಡಿದು ಕರೆಯದ ಕಾಲ, ಮಕ್ಕಳಿಗೆ ಅವ್ವ ಅವ್ವನೇ. ಅಜ್ಜಿ ಹೆಳವನನ್ನು ಕೇಳಿದ್ದು ತಾಯಿಯ ಹೆಸರು ದಾಖಲಾಗಿದೆಯೇ ಎಂದೋ, ಅಥವಾ ತನಗೇ ಆ ಹೆಸರು ಗೊತ್ತಿರಲಿಲ್ಲವೋ? ಒಂಬತ್ತು ವರ್ಷದ ನಾನು ಅದನ್ನು ಗ್ರಹಿಸಲಿಲ್ಲ. ಈಗ ಕೇಳಲು ಯಾರೂ ಇಲ್ಲ.

ಕಳೆದ ಮಂಗಳವಾರ ನಾನು ಊರಿಗೆ ಹೋದದ್ದು ಹಳೆಯ ಶಾನುಭೋಗರ ಮನೆಯವರು ಕರೆದಿದ್ದರು ಎಂದು. 1963ರಲ್ಲಿ ಶಾನುಭೋಗಿಕೆ ರದ್ದಾದಾಗ ಸರ್ಕಾರಕ್ಕೆ ಒಪ್ಪಿಸಿದ ವಹಿಗಳಲ್ಲದೆ ಮನೆಯದೇ ಆದ ಒಂದು ಕಡತ ಅವರಲ್ಲಿ ಉಳಿದಿದೆ. ಕಡತ ಎಂದರೆ ಈಗ ನಮಗೆ ಕಚೇರಿಯ ಫೈಲು. ಅವರು ತೋರಿಸಿದ್ದು ನಿಜವಾದ ಕಡತ: ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಒಂದರ ಮೇಲೊಂದು ಮಡಚಿದ ಕಪ್ಪು ಪಟ್ಟಿ. ಬಳಪದಲ್ಲಿ ಬರೆದ ಬಿಳಿ ಅಕ್ಷರಗಳು ಅಲ್ಲಲ್ಲಿ ಬೂದಿಯಂತೆ ಮಂಕಾಗಿವೆ. ಮೋಡಿಯ ಬರಹ, ಕೈ ಎತ್ತದೆ ಓಡಿಸಿದ ಅಕ್ಷರ. ಮೊದಲ ಅರ್ಧ ಗಂಟೆ ಒಂದು ಪದವೂ ಬಿಡಿಯಾಗಿ ಕಾಣಲಿಲ್ಲ. ಆಮೇಲೆ ‘ಬಿನ್’ ಎಂಬ ಪದ ಮತ್ತೆ ಮತ್ತೆ ಬರುವುದು ಕಣ್ಣಿಗೆ ಬಿತ್ತು. ಅದನ್ನು ಹಿಡಿದುಕೊಂಡ ಮೇಲೆ ಅದರ ಹಿಂದೆ ಮಗ, ಮುಂದೆ ತಂದೆ, ಹೀಗೆ ಹೆಸರುಗಳು ಒಂದೊಂದಾಗಿ ಬಿಡಿಸಿಕೊಂಡವು. ಕಂದಾಯ ಕೊಟ್ಟವರ ಪಟ್ಟಿ ಅದು. ನಮ್ಮವರ ಇಬ್ಬರು ಸಿಕ್ಕರು. ಹೆಂಗಸರ ಹೆಸರು ಇಡೀ ಪಟ್ಟಿಯಲ್ಲಿ ನನಗೆ ಕಂಡದ್ದು ಮೂರೇ, ಮೂರರ ಮುಂದೆಯೂ ‘ಕೋಂ’.

ಪಹಣಿ ಓದಿದವರಿಗೆ ಈ ಎರಡು ಪದಗಳು ಗೊತ್ತು. ಬಿನ್ ಎಂದರೆ ಇಂಥವನ ಮಗ, ಕೋಂ ಎಂದರೆ ಇಂಥವನ ಹೆಂಡತಿ. ಗಂಡ ತೀರಿಹೋಗಿ, ಮಕ್ಕಳು ಚಿಕ್ಕವರಾಗಿದ್ದು, ಪೌತಿಯಲ್ಲಿ ಖಾತೆ ಹೆಂಡತಿಯ ಹೆಸರಿಗೆ ಬಂದರೆ ಆಗ ಅವಳು ವಹಿಗೆ ಬರುತ್ತಾಳೆ. ಗಂಡ ಬದುಕಿರುವಾಗಲೇ ಸತ್ತವಳನ್ನು, ಜನ ‘ಮುತ್ತೈದೆ ಸಾವು, ಪುಣ್ಯವಂತೆ’ ಎಂದು ಹೊಗಳಿ ಕಳಿಸಿದವಳನ್ನು, ಯಾವ ವಹಿಯೂ ಬರೆದುಕೊಳ್ಳಲಿಲ್ಲ. ನಮ್ಮ ಮುತ್ತಜ್ಜಿ ಹಾಗೆ ಹೋದವಳು. ಅವಳ ಗಂಡ ಆಮೇಲೂ ಇಪ್ಪತ್ತು ವರ್ಷ ಬದುಕಿದ್ದ.

ಅವಳ ತವರಿನ ಕಡೆ ಹುಡುಕೋಣವೆಂದರೆ ಅದು ಹಿರಿಯೂರು ಸೀಮೆಯಲ್ಲಿ ವೇದಾವತಿಯ ದಂಡೆಯ ಊರು. 1907ರಲ್ಲಿ ಮಾರಿಕಣಿವೆ ಕಟ್ಟೆ, ಅಂದರೆ ವಾಣಿವಿಲಾಸ ಸಾಗರ, ಮುಗಿದು ನೀರು ನಿಂತಾಗ ಮುಳುಗಿದ ಊರುಗಳ ಜೊತೆ ಅದೂ ಹೋಯಿತು. ‘ಕಟ್ಟೆಯಲ್ಲಿ ನೀರು ನಿಂತಾಗ ನಾನು ಕೂಸು’ ಎಂದು ಅಜ್ಜಿ ತನ್ನ ವಯಸ್ಸನ್ನು ಹೇಳುತ್ತಿದ್ದುದು ಅದರಿಂದಲೇ. 2022ರಲ್ಲಿ 89 ವರ್ಷಗಳ ನಂತರ ವಾಣಿವಿಲಾಸ ಸಾಗರಕ್ಕೆ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಯಿತು. ನಾನೂ ಹೋಗಿದ್ದೆ. ಎಲ್ಲರೂ ಧುಮುಕುವ ನೀರನ್ನು ನೋಡುತ್ತಿದ್ದರೆ ನಾನು ಹಿಂದಿನ ನಿಂತ ನೀರನ್ನು ನೋಡುತ್ತಿದ್ದೆ. ಅದರ ತಳದಲ್ಲಿ ಎಲ್ಲೋ ಅವಳು ನೀರು ಸೇದಿದ ಬಾವಿ ಇದೆ.

ಬುಧವಾರದ ಜಗಲಿ

ಬುಧವಾರ ನಾಡಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಅರ್ಜಿ ತುಂಬಿಕೊಡುತ್ತೇನೆ. ಹಣ ತೆಗೆದುಕೊಳ್ಳುವುದಿಲ್ಲ. ವಂಶವೃಕ್ಷದ ದೃಢೀಕರಣಕ್ಕೆ ಬರುವವರೇ ಹೆಚ್ಚು. ಯಜಮಾನ ತೀರಿಕೊಂಡಿರುತ್ತಾನೆ, ಪೌತಿ ಖಾತೆ ಆಗಬೇಕಾಗಿರುತ್ತದೆ. ನಾನು ಸಂತೋಷಕ್ಕಾಗಿ ಬರೆಯುವ ಮರವನ್ನೇ ಅವರು ಅವಸರದಲ್ಲಿ ಬರೆಸಿಕೊಳ್ಳಬೇಕು. ಆಧಾರ್, ಪಡಿತರ ಚೀಟಿ, ಮರಣ ಪ್ರಮಾಣಪತ್ರ, ನೋಟರಿಯ ಪ್ರಮಾಣಪತ್ರ ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬರುತ್ತಾರೆ. ಅಣ್ಣತಮ್ಮಂದಿರ ಹುಟ್ಟಿದ ದಿನ ಕೇಳಿದರೆ ಮೂವರದೂ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ದಿನ ಅದು, ಅದೇ ಈಗ ಅವರ ಹುಟ್ಟಿದ ದಿನ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕಿಂತ ಹಿಂದಿನವರನ್ನು ಹುಡುಕುವಾಗ ನಾನು ಶಾಲೆಯ ತಾರೀಖನ್ನು ನಂಬುವುದಿಲ್ಲ, ‘ಪ್ಲೇಗು ಬಂದಾಗ ಗುಡಿಸಲಲ್ಲಿ ಹುಟ್ಟಿದ್ದು’ ಎಂಬ ಮಾತನ್ನು ನಂಬುತ್ತೇನೆ.

ಈ ಬುಧವಾರ ಎಪ್ಪತ್ತು ದಾಟಿದ ಒಬ್ಬ ಹಿರಿಯರು ಬಂದರು. ತಂದೆಯ ಹೆಸರಿನ ಕೆಳಗೆ ತಮ್ಮನ್ನೂ ಇಬ್ಬರು ತಮ್ಮಂದಿರನ್ನೂ ಹೇಳಿ ನಿಲ್ಲಿಸಿದರು. “ಅಕ್ಕತಂಗಿಯರು ಇಲ್ಲವೇ ಯಜಮಾನರೇ?” ಎಂದೆ. “ಇದ್ದಾರಮ್ಮ, ಮೂವರು. ಅವರು ಕೊಟ್ಟ ಮನೆಯವರಾದರಲ್ಲ, ಇದಕ್ಕೇಕೆ?” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವರಿಗೆ ನಿಜವಾಗಿಯೂ ಹಾಗೇ ಅನಿಸಿತ್ತು. ನಾನು ಬರೆಯಲೇಬೇಕು ಎಂದೆ. 1994ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಹೇಳಿ ಗೊಂದಲ ಮುಗಿಸಿತು. ಇಷ್ಟನ್ನು ನಾನು ಬಾಯಿಪಾಠದಂತೆ ಹೇಳಬಲ್ಲೆ. ಹಿರಿಯರು ಸುಮ್ಮನೆ ಕೇಳಿಸಿಕೊಂಡು, “ಹಾಗಾದರೆ ಅವರನ್ನು ಕರೆಸಿ ಹಕ್ಕು ಬಿಡುಗಡೆಗೆ ಸಹಿ ಹಾಕಿಸುತ್ತೇನೆ” ಎಂದರು.

ಇದು ನನಗೆ ಪ್ರತಿವಾರ ಎದುರಾಗುವ ನೋವು. ನೂರು ವರ್ಷ ಹೆಸರೇ ಇಲ್ಲದಿದ್ದ ಹೆಣ್ಣುಮಗಳು ಈಗ ದಾಖಲೆಗೆ ಬರುತ್ತಾಳೆ, ಅವಳ ಪೂರ್ತಿ ಹೆಸರು, ವಯಸ್ಸು, ವಿಳಾಸ, ಹೆಬ್ಬೆಟ್ಟು ಎಲ್ಲವೂ ಬರುತ್ತದೆ, ‘ನನಗೆ ಏನೂ ಬೇಡ’ ಎಂದು ಬರೆದ ಕಾಗದದ ಕೆಳಗೆ. ಮುಂದೆ ನನ್ನಂಥ ಯಾರೋ ಅವಳನ್ನು ಹುಡುಕಿಕೊಂಡು ಬಂದರೆ ಅವಳು ಸಿಗುವುದು ಅಲ್ಲೇ. ಆದರೂ ನಾನು ಆ ಮೂವರ ಹೆಸರನ್ನು ಹಿರಿಯರ ಬಾಯಿಂದ ಒಂದೊಂದಾಗಿ ಹೇಳಿಸಿ, ಅಕ್ಷರ ತಪ್ಪದಂತೆ ಬರೆದೆ. ಎರಡನೆಯ ತಂಗಿಯ ಹೆಸರಿಗೆ ಅವರು ಸ್ವಲ್ಪ ತಡವರಿಸಿದರು. ಮನೆಯಲ್ಲಿ ಪುಟ್ಟಿ ಎಂದೇ ಕರೆಯುತ್ತಿದ್ದರಂತೆ. ಮಗಳಿಗೆ ಫೋನು ಮಾಡಿ ಕೇಳಿ ತಿಳಿದುಕೊಂಡು ಹೇಳಿದರು.

ವಿಳಂಬಿ ಸಂವತ್ಸರದ ನೋಟುಪುಸ್ತಕ

ಗುರುವಾರ ಮಳೆ. ಹೊರಗೆ ಹೋಗಲಾಗದೆ ತಂದೆಯ ಕಬ್ಬಿಣದ ಟ್ರಂಕು ತೆಗೆದೆ. ಅದರಲ್ಲಿರುವ ಕಾಗದಗಳನ್ನೆಲ್ಲ ಓದಿದ್ದೇನೆ ಎಂದೇ ನಂಬಿದ್ದೆ. ಮುಯ್ಯಿ ಪುಸ್ತಕಗಳನ್ನು ಮಾತ್ರ ಲೆಕ್ಕಪತ್ರವೆಂದು ಬದಿಗಿಟ್ಟಿದ್ದೆ. ಅದು ನನ್ನ ತಪ್ಪು. ಮುಯ್ಯಿ ಪುಸ್ತಕದಷ್ಟು ನಂಬಿಕೆಯ ದಾಖಲೆ ಇನ್ನೊಂದಿಲ್ಲ ಎಂದು ಈಗ ಅನಿಸುತ್ತಿದೆ. ಯಾರು ಬಂದರು, ಯಾವ ಊರಿನಿಂದ ಬಂದರು, ಒಂದು ರೂಪಾಯಿಯೋ ಎರಡೋ, ಕುಪ್ಪಸದ ಕಣವೋ, ಕೊಬ್ಬರಿ ಬಟ್ಟಲೋ, ಎಲ್ಲ ಬರೆದಿರುತ್ತಾರೆ, ಏಕೆಂದರೆ ತಿರುಗಿ ಅವರ ಮನೆಯ ಮದುವೆಯಲ್ಲಿ ಅಷ್ಟನ್ನೂ ಹಾಕಬೇಕು. ಹೆಂಗಸರು ಇಲ್ಲಿ ತಮ್ಮದೇ ಹೆಸರಿನಲ್ಲಿ ಬರುತ್ತಾರೆ. ಕುಪ್ಪಸದ ಕಣ ತಂದವಳು ಯಾರೆಂದು ಬರೆಯದಿದ್ದರೆ ಮುಯ್ಯಿ ತೀರಿಸುವುದು ಯಾರಿಗೆ?

ನಮ್ಮ ಅತ್ತೆ, ಅಂದರೆ ತಂದೆಯ ತಂಗಿಯ ಮದುವೆಯ ಪುಸ್ತಕ ಅದು. ಮೊದಲ ಪುಟದಲ್ಲಿ ತಂದೆಯ ಅಕ್ಷರದಲ್ಲಿ ‘ವಿಳಂಬಿ ಸಂ|| ವೈಶಾಖ’ ಎಂದಿದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಹುಡುಕುವವರನ್ನು ಬಹಳ ಸತಾಯಿಸುತ್ತದೆ. 2018ರಲ್ಲೂ ವಿಳಂಬಿ ಇತ್ತು. ಆದರೆ ಇಲ್ಲಿ ಅನುಮಾನವಿಲ್ಲ, ಇದು 1958. ಕೊನೆಯ ಎರಡು ಪುಟಗಳಲ್ಲಿ ಮದುಮಗಳ ಜೊತೆ ಕಳಿಸಿದ ಸಾಮಾನಿನ ಪಟ್ಟಿ. ಹಿತ್ತಾಳೆ ಗಂಗಾಳ 2, ತಂಬಿಗೆ 4, ಕೊಳಗ 1. ಅದರ ಕೆಳಗೆ ಒಂದು ಸಾಲು: ‘ತಾಮ್ರದ ಕೊಡ 1, ಹಳೇದು, ಅವ್ವನ ತವರಿಂದು, ಹೆಸರು ಇರುವುದು.’

ತಂದೆಯ ಅವ್ವ ಎಂದರೆ ನನ್ನ ಅಜ್ಜಿ. ಅಜ್ಜಿಯ ತವರಿನ ಕೊಡ. ಹೆಸರು ಇರುವುದು. ಆ ಸಾಲನ್ನು ಬೆರಳಿಟ್ಟು ಎಷ್ಟು ಸಲ ಓದಿದೆನೋ. ಕೂಡಲೇ ಅತ್ತೆಗೆ ಫೋನು ಮಾಡಿದೆ. ಅತ್ತೆಗೆ ಈಗ ಎಂಬತ್ತೈದು. ಚಿತ್ರದುರ್ಗದಲ್ಲಿ ಮಗನ ಮನೆಯಲ್ಲಿದ್ದಾರೆ, ಕಿವಿ ಮಂದ. “ಕೊಡವೇ? ಅಟ್ಟದ ಮೇಲಿದೆ ನೋಡು. ಭಾನುವಾರ ಬಾ, ನಿನಗೆ ಜೋಳದ ರೊಟ್ಟಿ ಮಾಡಿಸುತ್ತೇನೆ” ಎಂದರು.

ಶುಕ್ರವಾರ, ಶನಿವಾರ ಹೇಗೋ ಕಳೆದವು. ಕೌದಿಗೆ ಅಮ್ಮನ ಹಳೆಯ ಇಳಕಲ್ ಸೀರೆಯ ಅಂಚನ್ನು ಕೂರಿಸಿದೆ. ಇಂಗ್ಲೆಂಡಿನಲ್ಲಿರುವ ತಂಗಿಯ ಮಗಳು ಫೋನು ಮಾಡಿದ್ದಳು. ಅವಳ ಪಕ್ಕದ ಮನೆಯ ವೃದ್ಧೆಗೂ ವಂಶಾವಳಿಯ ಹುಚ್ಚು. ಅಲ್ಲಿ ನೂರು ವರ್ಷ ಕಳೆದ ಮೇಲೆ ಜನಗಣತಿಯ ಮನೆಪಟ್ಟಿಯನ್ನೇ ಜನರಿಗೆ ತೆರೆದಿಡುತ್ತಾರೆ. 1921ರದನ್ನು 2022ರ ಜನವರಿಯಲ್ಲಿ ತೆರೆದರು. ಆಕೆ ತನ್ನ ಮುತ್ತಜ್ಜಿಯ ಹೆಸರು, ವಯಸ್ಸು, ಹುಟ್ಟಿದ ಊರು ಮೂರನ್ನೂ ಮನೆಯಲ್ಲಿ ಕುಳಿತೇ ಓದಿದಳಂತೆ. ನಮ್ಮಲ್ಲಿ ಗಣತಿಯ ಮನೆಪಟ್ಟಿ ಗೋಪ್ಯ, 1948ರ ಕಾಯ್ದೆಯೇ ಹಾಗೆ ಹೇಳುತ್ತದೆ. ನಮಗೆ ಸಿಗುವುದು ಎಷ್ಟು ಲಕ್ಷ ಜನ ಎಂಬ ಮೊತ್ತ. ನನ್ನ ಮುತ್ತಜ್ಜಿ ಆ ಮೊತ್ತದೊಳಗೆ ಒಂದು. ಆ ವೃದ್ಧೆಯ ಮೇಲೆ ನನಗೆ ಅಸೂಯೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಕೊಡ

ಭಾನುವಾರ ಬೆಳಿಗ್ಗೆ ಆರರ ಬಸ್ಸು ಹಿಡಿದೆ. ಅರವತ್ತು ಕಿಲೋಮೀಟರು, ಒಂದೂಕಾಲು ಗಂಟೆಯ ದಾರಿ. ಅತ್ತೆಯ ಮೊಮ್ಮಗ ಅಟ್ಟಕ್ಕೆ ಏಣಿ ಹಾಕಿ ಕೊಡವನ್ನು ಇಳಿಸಿದ. ಹಸಿರು ಕಿಲುಬು ಹಿಡಿದು ಕಲ್ಲಿನಂತೆ ಕಾಣುತ್ತಿತ್ತು. ಅತ್ತೆ ಅದನ್ನು ನೋಡಿದ ಕೂಡಲೇ ಕೈ ಚಾಚಿದರು. “ಇದು ನಮ್ಮವ್ವನ ಅವ್ವನದು. ಅವಳು ಸತ್ತ ಮೇಲೆ ನಮ್ಮವ್ವನಿಗೆ ಬಂತು. ನಮ್ಮವ್ವ ದಿನಾ ಇದರಲ್ಲೇ ನೀರು ತರುತ್ತಿದ್ದಳು, ಬೆಳಿಗ್ಗೆ ನಾಲ್ಕು, ಸಂಜೆ ಎರಡು.” ಹೆಸರು ಏನೆಂದು ಬರೆದಿದೆ ಅತ್ತೆ ಎಂದು ಕಿವಿಯ ಹತ್ತಿರ ಕೂಗಿ ಕೇಳಿದೆ. “ನನಗೆ ಓದಲು ಬರುತ್ತದೆಯೇನೇ? ನಮ್ಮವ್ವನಿಗೂ ಬರುತ್ತಿರಲಿಲ್ಲ. ಹೆಸರಿದೆ ಎಂದು ಗೊತ್ತಿತ್ತು, ಅಷ್ಟೇ” ಎಂದರು.

ಹಿತ್ತಲಲ್ಲಿ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ತಾಮ್ರ ನಿಧಾನವಾಗಿ ಕೆಂಪಾಯಿತು. ಕಂಠದ ಕೆಳಗೆ, ಹೊಟ್ಟೆ ಅಗಲವಾಗತೊಡಗುವ ಕಡೆ, ಬೆರಳಿಗೆ ಸಣ್ಣ ಸಣ್ಣ ಗುಳಿಗಳು ಸಿಕ್ಕವು. ಈಗಿನಂತೆ ಕರೆಂಟಿನ ಪೆನ್ನಿನಿಂದ ಬರೆದದ್ದಲ್ಲ, ಮೊಳೆಯಂಥ ಉಳಿಯನ್ನು ಸುತ್ತಿಗೆಯಿಂದ ಹೊಡೆದು ಚುಕ್ಕಿಗೆ ಚುಕ್ಕಿ ಕೂಡಿಸಿ ಮಾಡಿದ ಅಕ್ಷರ. ಅಕ್ಕಿಹಿಟ್ಟು ಸವರಿ ಒರೆಸಿದಾಗ ಚುಕ್ಕಿಗಳಲ್ಲಿ ಹಿಟ್ಟು ನಿಂತಿತು. ಮೊದಲ ಅಕ್ಷರ ‘ಗ’, ಅನುಮಾನವೇ ಇಲ್ಲ. ಕೊನೆಯದು ‘ಮ್ಮ’. ಅವುಗಳ ನಡುವೆ ಹೆಬ್ಬೆರಳಿನಷ್ಟು ಅಗಲದ ಬೆಸುಗೆ. ಕೊಡ ಯಾವಾಗಲೋ ಅಲ್ಲೇ ಸೀಳಿತ್ತು, ಅದಕ್ಕೆ ತವರ ಕರಗಿಸಿ ತೇಪೆ ಹಾಕಿದ್ದರು. ಅಜ್ಜಿಯೇ ಹಾಕಿಸಿದ್ದು, ಸಂತೆಗೆ ಹೊತ್ತುಕೊಂಡು ಹೋಗಿ, ಎಂದು ಅತ್ತೆ ನೆನಪಿಸಿಕೊಂಡರು.

ಎರಡು ವರ್ಷದ ಹಿಂದೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿದ್ದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲೂ, ‘ಲಿಪಿಕಾರ’ ಎಂಬ ತನ್ನ ಕೆಲಸದ ಪದವನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿಯಲ್ಲೂ ಬರೆದಿದ್ದಾನೆ. ನಡುಮಧ್ಯಾಹ್ನ ಹೋದವರಿಗೆ ಬಂಡೆಯ ಮೇಲಿನ ಗೀರುಗಳು ಕಾಣಿಸುವುದು ಕಷ್ಟ, ಇಳಿಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರ ಏಳುತ್ತದೆ ಎಂದು ಜೊತೆಗಿದ್ದವರು ಹೇಳಿದ್ದರು. ಅದು ನೆನಪಾಗಿ ಕೊಡವನ್ನು ಕತ್ತಲೆಯ ಕೋಣೆಗೆ ಒಯ್ದು ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದೆ. ‘ಗ’ದ ತಲೆಕಟ್ಟು ಗಟ್ಟಿಯಾಗಿ ಎದ್ದಿತು. ದೀರ್ಘವಿಲ್ಲ, ಗುಡಿಸಿಲ್ಲ, ಕೊಂಬಿಲ್ಲ. ಹಾಗಾದರೆ ಗಿರಿಯಮ್ಮ ಅಲ್ಲ, ಗುರಮ್ಮ ಅಲ್ಲ. ಗಂಗಮ್ಮ ಇರಬಹುದು. ಕೇಳಿದ ಹಾಗೆ ಬರೆಯುವ ಕೈಯಾದರೆ ಗೌರಮ್ಮನನ್ನು ‘ಗವ್ರಮ್ಮ’ ಎಂದು ಹೊಡೆದಿರಲೂಬಹುದು. ಬೆಸುಗೆಯ ಕೆಳ ಅಂಚಿನಲ್ಲಿ ಒಂದೇ ಒಂದು ಚುಕ್ಕಿ ಹೊರಗೆ ಉಳಿದಿದೆ. ಗಂಗಮ್ಮನಿಗೆ ಅಲ್ಲಿ ಚುಕ್ಕಿ ಬೇಕಾಗಿಲ್ಲ. ಗವ್ರಮ್ಮನಾದರೆ ಅದು ವ್ ಕೆಳಗಿನ ರ ಒತ್ತಿನ ಬಾಲ. ಅಥವಾ ಅಕ್ಷರವೇ ಅಲ್ಲ, ಬಾವಿಕಟ್ಟೆಯ ಕಲ್ಲು ತಾಗಿ ಆದ ಗುಳಿ. ನೂಲಿನಿಂದ ಅಳೆದೆ. ಗ ಮತ್ತು ಮ್ಮ ನಡುವೆ ಒತ್ತು ಇರುವ ಒಂದಕ್ಷರಕ್ಕೂ ಜಾಗ ಸಾಲುತ್ತದೆ, ಸೊನ್ನೆ ಸೇರಿಸಿದ ಒಂದಕ್ಷರಕ್ಕೂ ಸರಿಹೋಗುತ್ತದೆ. ಮೂವತ್ತನಾಲ್ಕು ವರ್ಷ ಅರ್ಧ ಅಳಿಸಿದ ವಿಳಾಸ ಓದಿದ ಕಣ್ಣು ಇಲ್ಲಿ ನಿಂತುಹೋಯಿತು.

“ಬೆಸುಗೆ ಬಿಚ್ಚಿಸಿದರೆ ಪೂರ್ತಿ ಕಾಣುತ್ತದೆ ಅತ್ತೆ, ದಾವಣಗೆರೆಯ ಚೌಕಿಪೇಟೆಯಲ್ಲಿ ಪಾತ್ರೆಯವರು ಇದ್ದಾರೆ, ಒಂದು ಗಳಿಗೆಯ ಕೆಲಸ” ಎಂದೆ. ಅತ್ತೆ ಕೊಡದ ಹೊಟ್ಟೆಯ ಮೇಲೆ ಕೈಯಾಡಿಸುತ್ತ ಕುಳಿತಿದ್ದರು. ಬೇಡ ಎನ್ನಲಿಲ್ಲ. “ನಮ್ಮವ್ವ ಇದನ್ನು ಎಡ ಸೊಂಟದ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಈ ಚುಕ್ಕಿಗಳು ಅವಳ ಕೈಗೆ ಒತ್ತುತ್ತಿದ್ದವು. ಒಂದೊಂದು ಸಲ ಕೈಯ ಮೇಲೆ ಅಚ್ಚು ಬಿದ್ದಿರುತ್ತಿತ್ತು, ನಾನು ಚಿಕ್ಕವಳು ಅದನ್ನು ಸವರುತ್ತಿದ್ದೆ” ಎಂದರು. ಆಮೇಲೆ, “ನೀನು ಒಯ್ಯಿ. ನನ್ನ ನಂತರ ಇವರು ತೂಕಕ್ಕೆ ಹಾಕುತ್ತಾರೆ. ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು” ಎಂದರು.

ಸಂಜೆಯ ಬಸ್ಸಿನಲ್ಲಿ ಕೊಡವನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಎಡಗೈ ಆ ಚುಕ್ಕಿಗಳ ಮೇಲೆಯೇ ಇತ್ತು. ಮನೆಗೆ ಬಂದು ತೊಳೆದು, ಕಂಠದವರೆಗೆ ನೀರು ತುಂಬಿ, ಪಡಸಾಲೆಯಲ್ಲಿ ಹಾಳೆ ಹಾಸುವ ಜಾಗದ ಪಕ್ಕದಲ್ಲಿ ಇಟ್ಟೆ. ಖಾಲಿ ಚೌಕದೊಳಗೆ ಪೆನ್ಸಿಲಿನಲ್ಲಿ ಒಂದು ‘ಗ’ ಬರೆದೆ, ಸ್ವಲ್ಪ ಜಾಗ ಬಿಟ್ಟು ‘ಮ್ಮ’ ಬರೆದೆ. ಬೆಳಿಗ್ಗೆ ಎದ್ದು ಮೊದಲು ಕೊಡದ ಬುಡವನ್ನು ಮುಟ್ಟಿ ನೋಡಿದೆ. ನೆಲ ಒಣಗಿಯೇ ಇತ್ತು. ಒಂದು ಹನಿಯೂ ಸೋರಿರಲಿಲ್ಲ.